ಮಂಗಳತ್ತೆಯ ವಡೆ ಅಕ್ಷರ

ಐವತ್ತೆಂಟು ತುಂಬಿದ ತಿಂಗಳು ನಾನು ಫೋನಿನ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡೆ. ಅಷ್ಟಾದರೂ ಸರಿಯಾಗಿ ಕಾಣದಿದ್ದಾಗ ದಪ್ಪಗೂ ಮಾಡಿಕೊಂಡೆ. ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಕ್ಕಿಂತ ಇದು ಸುಲಭವೆಂದು ಒಳಗೊಳಗೇ ಬೀಗಿದೆ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಮೂರು ಕುರ್ಚಿ ಆಚೆ ಉಪ್ಪಿಟ್ಟು ತಿನ್ನುತ್ತಿದ್ದ ಸಮಾಜದ ಮೇಷ್ಟ್ರು ಕತ್ತನ್ನು ಸ್ವಲ್ಪವೇ ಹೊರಳಿಸಿ, "ಮೇಡಂ, ಬರ್ತಾ ಕೊತ್ತಂಬರಿ ಸೊಪ್ಪು ತರ್ಬೇಕಂತೆ. ಹೋದ್ಸಲದ ತರ ಬಾಡಿರೋದು ಬೇಡ್ವಂತೆ" ಅಂದರು. ನನ್ನ ಯಜಮಾನರ ಮೆಸೇಜು ನನಗಿಂತ ಮೊದಲು ಅವರಿಗೆ ಮುಟ್ಟಿತ್ತು.

ಆದರೂ ನಾನು ಅಕ್ಷರವನ್ನು ತೆಳ್ಳಗೆ ಮಾಡಲಿಲ್ಲ. ನಮ್ಮ ಮನೆತನದಲ್ಲಿ ದಪ್ಪ ಅಕ್ಷರಕ್ಕೆ ಒಂದು ಮರ್ಯಾದೆ ಇದೆ. ಅದು ಯಾಕೆಂದು ಹೇಳಬೇಕಾದರೆ ನಿಮಗೆ ಗುಬ್ಬಿಯ ಮಂಗಳತ್ತೆಯನ್ನು ಪರಿಚಯ ಮಾಡಿಕೊಡಬೇಕು.

ಮಂಗಳತ್ತೆ ನಮ್ಮಪ್ಪನ ಅಕ್ಕ. ಪೂರ್ತಿ ಹೆಸರು ಸರ್ವಮಂಗಳ. ನಮ್ಮದು ಕುಣಿಗಲ್ಲು, ಅಪ್ಪನಿಗೆ ಅಲ್ಲಿ ಜವಳಿ ಅಂಗಡಿ. ಬೇಸಿಗೆ ರಜ ಬಂತೆಂದರೆ ನನ್ನನ್ನು ಗುಬ್ಬಿಗೆ ಸಾಗಿಸುತ್ತಿದ್ದರು. ಅತ್ತೆಯ ಗಂಡ ರುದ್ರಪ್ಪ ಮಾವ ಬೋರ್ಡು ಬರೆಯುವವರು. ಅಂಗಡಿ, ಲಾರಿ, ಗೋಡೆ, ಎತ್ತಿನ ಗಾಡಿ ಯಾವುದಾದರೂ ಸೈ. ಅವರ ಅಕ್ಷರಗಳು ನಾಜೂಕು. 'ಶ್ರೀ' ಬರೆದರೆ ಅದಕ್ಕೊಂದು ಬಾಲ, ಬಾಲಕ್ಕೊಂದು ಬಳ್ಳಿ, ಬಳ್ಳಿಗೊಂದು ಮೊಗ್ಗು. ಅತ್ತೆಯ ಕೆಲಸ ಬಣ್ಣ ಕಲಸುವುದು, ಮಾವ ಎಳೆದ ಗೆರೆಯೊಳಗೆ ಬಣ್ಣ ತುಂಬುವುದು, ನಡುನಡುವೆ "ಊಟಕ್ಕೆ ಬರ್ತೀರೋ, ಇಲ್ಲೇ ತರ್ಲೋ" ಎಂದು ಕೂಗುವುದು.

ನನಗೆ ಎಂಟೋ ಒಂಬತ್ತೋ ವರ್ಷವಿದ್ದಾಗ ಮಾವ ಒಂದು ಅಕ್ಕಿ ಗಿರಣಿಯ ಗೋಡೆ ಬರೆಯಲು ಒಪ್ಪಿಕೊಂಡರು. ರೈಲು ಹಳಿಯ ಕಡೆ ಮುಖ ಮಾಡಿದ ಉದ್ದನೆಯ ಗೋಡೆ. 'ಶ್ರೀ ಗಂಗಾ ಅಕ್ಕಿ ಗಿರಣಿ' ಎಂದು ಬರೆಯಬೇಕಿತ್ತು. 'ಶ್ರೀ' ಮುಗಿಸಿ, ಮೊಗ್ಗನ್ನು ದೂರದಿಂದ ನೋಡೋಣವೆಂದು ಏಣಿಯ ಮೇಲೆ ಹಿಂದಕ್ಕೆ ವಾಲಿದರು. ಏಣಿಯೂ ಅವರ ಜೊತೆ ವಾಲಿತು. ಬಲಗೈ ಮೂಳೆ ಮುರಿಯಿತು.

ಕಟ್ಟು ಹಾಕಿಸಿಕೊಂಡು ಬಂದ ಮಾವ ಹಾಸಿಗೆಯ ಮೇಲೆ ಕುಳಿತು ಪೇಚಾಡಿದರು. "ಗಿರಣಿ ಪೂಜೆ ಸೋಮವಾರ ಕಣೇ. ಬರೀ ಶ್ರೀ ಬರ್ದಿಟ್ಟು ಬಂದಿದೀನಿ. ಬೇರೆ ಯಾವನಾದ್ರೂ ಬಂದು ನನ್ ಶ್ರೀ ಪಕ್ಕ ಬರೀತಾನೆ."

"ನಾನೇ ಬರೀತೀನಿ ಬುಡಿ" ಅಂದರು ಅತ್ತೆ.

"ನೀನಾ? ನಿಂಗೆ ಕೈ ತಿರುಗಲ್ಲ ಕಣೇ."

"ಕೈ ತಿರುಗ್ದಿದ್ರೆ ತಟ್ಟೆ ತಿರುಗ್ತದೆ."

ಅಡುಗೆಮನೆಗೆ ಹೋಗಿ ದೊಡ್ಡ ಹರಿವಾಣ, ಊಟದ ತಟ್ಟೆ, ಎರಡು ಲೋಟ, ಒಂದು ಕೊಳಗದ ಮುಚ್ಚಳ ತಂದು ಗೋಣಿಚೀಲಕ್ಕೆ ತುಂಬಿದರು. ನನ್ನನ್ನೂ ಕರೆದುಕೊಂಡು ಹೋದರು. ಬಣ್ಣದ ಡಬ್ಬಕ್ಕೆ ಮೇಕೆಗಳು ಬಾಯಿ ಹಾಕದಂತೆ ನೋಡಿಕೊಳ್ಳುವುದು ನನಗೆ ಕೊಟ್ಟ ಕೆಲಸ. ಒಂದು ಮೇಕೆ ಬಾಯಿ ಹಾಕಿತು. ವಾರವಿಡೀ ಅದರ ಗಡ್ಡ ನೀಲಿಯಾಗಿಯೇ ಇತ್ತು.

ಅತ್ತೆ ಗೋಡೆಗೆ ಹರಿವಾಣ ಒತ್ತಿ ಹಿಡಿದು ಸುತ್ತ ಇದ್ದಿಲಿನಲ್ಲಿ ಗೆರೆ ಎಳೆದರು. ಅದರೊಳಗೆ ಊಟದ ತಟ್ಟೆ ಇಟ್ಟು ಇನ್ನೊಂದು ಸುತ್ತು. ಎರಡರ ನಡುವೆ ಬಣ್ಣ ತುಂಬಿದರೆ ಸೊನ್ನೆ ತಯಾರು. ಅದೇ ಸೊನ್ನೆಯನ್ನು ಕೆಳಗೆ ತೆರೆದು, ತಲೆಯ ಮೇಲೆ ಒಂದು ಹಲಗೆಯಷ್ಟು ನೇರ ಪಟ್ಟಿ ಇಟ್ಟರೆ 'ಗ'. ಗುಡಿಸಿಗೆ ಲೋಟ, ದೀರ್ಘಕ್ಕೆ ಮುಚ್ಚಳ. ಬಾಲವಿಲ್ಲ, ಬಳ್ಳಿಯಿಲ್ಲ, ಮೊಗ್ಗು ಮೊದಲೇ ಇಲ್ಲ. ಎಲ್ಲ ಕಡೆ ಒಂದೇ ದಪ್ಪ. 'ಅ' ಮಾತ್ರ ಯಾವ ಪಾತ್ರೆಗೂ ಬಗ್ಗದೆ ಅರ್ಧ ದಿನ ಸತಾಯಿಸಿತು.

ಗಿರಣಿಯ ಯಜಮಾನರು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಏನಮ್ಮ ಇದು, ಉದ್ದಿನ ವಡೆ ಪೋಣಿಸ್ದಂಗೆ ಐತಲ್ಲ" ಅಂದರು. ಅತ್ತೆ ತಟ್ಟೆ ಲೋಟ ಒರೆಸಿ ಚೀಲಕ್ಕೆ ತುಂಬಿದರು. ಪೂಜೆಯ ದಿನ ಬೆಂಗಳೂರಿನಿಂದ ರೈಲಿನಲ್ಲಿ ಬಂದ ಅವರ ಬೀಗರು, ಓಡುವ ರೈಲಿನಿಂದಲೇ ಗೋಡೆ ಓದಿಕೊಂಡೆವೆಂದೂ ಇಳಿದು ದಾರಿ ಕೇಳಬೇಕಾಗಲೇ ಇಲ್ಲವೆಂದೂ ಹೇಳಿದರು. ಆ ಒಂದು ಮಾತಿನಿಂದ ವಡೆ ಅಕ್ಷರಕ್ಕೆ ಕಾಲ ಕೂಡಿ ಬಂತು.

ಮಾವನ ಕೈ ಕೂಡಿತು, ಆದರೆ ಪೂರ್ತಿ ಮೇಲೇಳಲಿಲ್ಲ. ಆಮೇಲೆ ಗಂಡ ಹೆಂಡತಿ ಇಬ್ಬರೂ ಸೇರಿಯೇ ಬರೆದರು. ಕೈಗೆಟುಕುವ ಎತ್ತರದ 'ಶ್ರೀ' ಮಾವನದು, ಉಳಿದ ದಪ್ಪ ಅಕ್ಷರಗಳೆಲ್ಲ ಅತ್ತೆಯದು. ನಾಜೂಕಿನ ಮದುಮಗಳು ಮುಂದೆ ನಡೆದು, ಹಿಂದೆ ಗರಡಿ ಪೈಲ್ವಾನರು ಸಾಲಾಗಿ ಬರುವ ಹಾಗೆ ಆ ಬೋರ್ಡುಗಳು ಕಾಣುತ್ತಿದ್ದವು. ಮಾವನಿಗೆ ಅದರಲ್ಲಿ ಒಂದಿಷ್ಟೂ ಬೇಸರವಿರಲಿಲ್ಲ. "ನಮಸ್ಕಾರ ನಾನ್ ಮಾಡ್ತೀನಿ, ಮಾತು ಅವಳಾಡ್ತಾಳೆ" ಅನ್ನುತ್ತಿದ್ದರು.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ತಿಳಿಯಬೇಡಿ. ಅಪ್ಪ ತಮ್ಮ ಅಂಗಡಿಗೂ ಅಕ್ಕನ ಕೈಯಲ್ಲೇ ಬೋರ್ಡು ಬರೆಸಿದರು. 'ಧನಲಕ್ಷ್ಮಿ ಜವಳಿ ಅಂಗಡಿ.' ಧ ಬರೆಯಬೇಕಾದರೆ ಹೊಟ್ಟೆ ಸೀಳಬೇಕು ಎಂದು ಒಂದನೇ ಕ್ಲಾಸಿನಲ್ಲಿ ಎಲ್ಲರೂ ಕಲಿತವರೇ. ಅತ್ತೆಯೂ ಸೀಳಿದ್ದರು. ಆದರೆ ಅಷ್ಟು ದಪ್ಪ ಅಕ್ಷರದಲ್ಲಿ ಅಷ್ಟು ಸಣ್ಣ ಸೀಳು; ಬಣ್ಣ ಇಳಿದು ಮುಚ್ಚಿಕೊಂಡಿತು. ಬೋರ್ಡು ಮೇಲೇರಿದ ಮೂರನೆಯ ದಿನ ಹೆಗಲ ಮೇಲೆ ಹಗ್ಗ ಹಾಕಿಕೊಂಡ ರೈತರೊಬ್ಬರು ಒಳಗೆ ಬಂದು, ಪಂಚೆಯ ಕಟ್ಟುಗಳ ಹಿಂದೆಲ್ಲ ಇಣುಕಿ, "ಜೋಡಿ ಎತ್ತು ಐತಾ ಸ್ವಾಮಿ?" ಎಂದು ಕೇಳಿದರು.

ಅಪ್ಪ ಆ ಭಾನುವಾರ ಗುಬ್ಬಿಗೆ ಬಂದು ಜಗಲಿಯ ಮೇಲೆ ಕುಳಿತರು. "ಅಕ್ಕ, ನಾನು ಧನಲಕ್ಷ್ಮಿ ಅಂದೆ. ನೀನು ದನಲಕ್ಷ್ಮಿ ಮಾಡಿದೀಯ. ಕೊಟ್ಟಿಗೆ ಕಟ್ಸನಾ ಅಂತಿದೀನಿ."

ಮಾವ ನಕ್ಕು ನಕ್ಕು ಕೆಮ್ಮಿದರು. ಅತ್ತೆ ನಗಲಿಲ್ಲ. ಮುಖ ಸಣ್ಣದಾಯಿತು. ನಾಲ್ಕು ದಿನ ಸ್ಲೇಟಿನ ಮೇಲೆ, ಹಿಟ್ಟಿನ ಮೇಲೆ, ಅಂಗಳದ ಮಣ್ಣಿನ ಮೇಲೆ ಬರೀ 'ಧ' ಬರೆದರು. ಐದನೆಯ ದಿನ ಕುಣಿಗಲ್ಲಿಗೆ ಬಂದು ತಾವೇ ಏಣಿ ಹತ್ತಿದರು. ಅಕ್ಷರದ ಕೆಳಗಿನ ದಪ್ಪ ಗೆರೆಯನ್ನು ಪೂರಾ ಕತ್ತರಿಸಿ ಎರಡು ಬೆರಳಗಲ ಬಿಳಿ ಬಿಟ್ಟರು. ಆ ಬಿಳಿಯ ನಡುವೆ ಒಂದು ಕಡ್ಡಿ ಇಳಿಬಿಟ್ಟರು. ಬೀದಿಯ ಆಚೆ ತುದಿಯಿಂದಲೂ ಧ ಈಗ ಧ ಆಗಿಯೇ ಕಂಡಿತು. ಇಳಿದು ಬಂದು ನನಗೆ ಹೇಳಿದರು: "ನಾನು ಕಪ್ಪು ನೋಡ್ಕೊಂಡು ಬರೀತಿದ್ದೆ ಕಣೇ. ಒಳಗಿನ ಬಿಳಿ ನೋಡ್ಲೇ ಇಲ್ಲ."

ದಪ್ಪ ಅಕ್ಷರಕ್ಕೆ ಒಗ್ಗದ ಮಾತುಗಳೂ ಕನ್ನಡದಲ್ಲಿವೆ ಎಂಬುದು ನಿಧಾನವಾಗಿ ಗೊತ್ತಾಯಿತು. ಒಬ್ಬರು ಹೊಸ ಮನೆಗೆ 'ಮಾತೃಕೃಪಾ' ಎಂದು ಬರೆಸಲು ಬಂದರು. ಎರಡು ಅಕ್ಷರ ಪಕ್ಕಪಕ್ಕದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಕಲ್ಲಿನ ಪಟ್ಟಿಯಲ್ಲಿ ಜಾಗವೆಲ್ಲಿ? ಅತ್ತೆ ಮೂರು ಸಲ ಬರೆದು ಮೂರು ಸಲ ಅಳಿಸಿದರು. ಕೊನೆಗೆ ಮನೆಯವರಿಗೇ ಹೆಸರು ಬದಲಾಯಿಸಿಕೊಳ್ಳಲು ಹೇಳಿದರು. ಅವರು ಪಾಪ, 'ಅಮ್ಮನ ಮನೆ' ಎಂದು ಮಾಡಿಕೊಂಡರು. ಅವರ ತಾಯಿಗೆ ಆ ಹೆಸರೇ ಹಿಡಿಸಿತಂತೆ. ಮೊದಲಿನದು ಅವರಿಗೆ ಓದಲು ಬರುತ್ತಿರಲಿಲ್ಲವಂತೆ.

ನಾನು ಪಿಯುಸಿಗೆ ಬಂದಾಗ ಲೆಕ್ಕದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ತಲೆಗೇರಿತ್ತು. ಒಂದು ರಜದಲ್ಲಿ ಅಂಗಳದಲ್ಲಿ ಒಣಗಲು ಇಟ್ಟಿದ್ದ ಬೋರ್ಡಿಗೆ ಸ್ಕೇಲು ಹಿಡಿದೆ. "ಅತ್ತೆ, ನಿಮ್ಮ ದುಂಡಕ್ಷರ ಗೆರೆ ದಾಟಿದೆ. ಮೇಲೆ ಅರ್ಧ ಬೆರಳು, ಕೆಳಗೆ ಅರ್ಧ ಬೆರಳು."

"ಹೂಂ, ದಾಟ್ಸಿದೀನಿ."

"ಅಡ್ಡಗೆರೆ ಉದ್ದಗೆರೆಗಿಂತ ತೆಳ್ಳಗಿದೆ. ಎಲ್ಲಾ ಒಂದೇ ದಪ್ಪ ಅಂತೀರಲ್ಲ?"

"ಹಂಗಾರೆ ನೀನೇ ಸರಿಯಾಗಿ ಬರ್ದು ತೋರ್ಸು ನೋಡನ."

ಇನ್ನೊಂದು ಹಲಗೆಯ ಮೇಲೆ ಅದೇ ಹೆಸರನ್ನು ಕೈವಾರ ಹಿಡಿದು ಕೂದಲೆಳೆಯಷ್ಟೂ ತಪ್ಪಿಲ್ಲದೆ ಬರೆದೆ. ಎರಡನ್ನೂ ಗೋಡೆಗೊರಗಿಸಿ ದೂರ ನಿಂತು ನೋಡಿದರೆ ನನ್ನ 'ರ' ಪಕ್ಕದ ಅಕ್ಷರಗಳಿಗಿಂತ ಕುಳ್ಳಗೆ, ತಲೆಯ ಮೇಲೆ ಮೂಟೆ ಹೊತ್ತವನ ಹಾಗೆ ಕುಗ್ಗಿ ನಿಂತಿತ್ತು. ಅತ್ತೆಯ ತಪ್ಪು 'ರ' ನೆಟ್ಟಗೆ ಕಾಣುತ್ತಿತ್ತು. ನಾನು ಸ್ಕೇಲನ್ನೇ ಅನುಮಾನದಿಂದ ತಿರುಗಿಸಿ ನೋಡಿದೆ.

"ಸ್ಕೇಲು ಬೋರ್ಡ್ ಓದಕ್ಕೆ ಬರಲ್ಲ ಕಣೇ ಶೈಲಾ. ಜನ ಬರ್ತಾರೆ" ಅಂದರು ಅತ್ತೆ.

ಇಷ್ಟೆಲ್ಲ ಕಲಿಸಿದ ಅತ್ತೆಗೆ ನಾನು ಮಾಡಿದ್ದೇನು ಎಂಬುದನ್ನೂ ಹೇಳಿಬಿಡಬೇಕು. ಹೇಳುವುದು ಸುಲಭವಲ್ಲ.

ನಾನು ಟೀಚರಾಗಿ ಬೆಳ್ಳಾವಿ ಕಡೆಯ ಒಂದು ಹೈಸ್ಕೂಲಿಗೆ ಹೋದಾಗ ಅತ್ತೆ ಖುಷಿಯಿಂದ ಬಂದು ಶಾಲೆಯ ಕಾಂಪೌಂಡಿನ ಮೇಲೆ ಹೆಸರು ಬರೆದುಕೊಟ್ಟಿದ್ದರು. ಅಷ್ಟರಲ್ಲಿ ಮಾವ ತೀರಿಕೊಂಡಿದ್ದರು. ಹಾಗಾಗಿ 'ಶ್ರೀ' ಇಲ್ಲದ, ಪೂರಾ ಅತ್ತೆಯದೇ ಆದ ಗೋಡೆ ಅದು. ಎರಡು ಹೊಲದಾಚೆಯಿಂದಲೂ ಓದಬಹುದಿತ್ತು. ವರ್ಷಗಳು ಕಳೆದವು, ಬಣ್ಣ ಮಾಸಿತು. ನಾನು ಹೆಡ್‌ಮಿಸ್ ಚಾರ್ಜ್‌ನಲ್ಲಿದ್ದಾಗ ಯಾರೋ ದೊಡ್ಡವರು ಬರುತ್ತಾರೆಂದು ತಿಳಿಯಿತು. ಗಡಿಬಿಡಿಯಲ್ಲಿ ಗೋಡೆಗೆ ಸುಣ್ಣ ಬಳಿಸಿ, ಮೇಲೆ ಹೊಳೆಯುವ ಫ್ಲೆಕ್ಸು ಕಟ್ಟಿಸಿದೆ. ಅದರಲ್ಲಿ ಹೂವು, ಪಾರಿವಾಳ, ಸೂರ್ಯೋದಯ ಎಲ್ಲ ಇದ್ದವು. ಬರುತ್ತೇವೆಂದ ದೊಡ್ಡವರು ಮಾತ್ರ ಬರಲಿಲ್ಲ.

ಅದೇ ವಾರ ದೇವರಾಯನದುರ್ಗಕ್ಕೆ ಹೋಗಿದ್ದ ಅತ್ತೆ, ಹೇಗೂ ಈ ಕಡೆ ಬಂದಿದ್ದೇನೆಂದು ಆಟೋ ಮಾಡಿಕೊಂಡು ಶಾಲೆಗೆ ಬಂದರು. ಗೇಟಿನ ಹತ್ತಿರ ನಿಂತು ಗೋಡೆ ನೋಡಿದರು. ನಾನು ಓಡಿ ಹೋದೆ. ಒಳಗೆ ಕರೆದುಕೊಂಡು ಬಂದೆ. ಕಾಫಿ ಕುಡಿದರು, ಪ್ರಸಾದ ಕೊಟ್ಟರು, ಹೊರಟರು. ಅಲ್ಲಿಂದ ಮುಂದೆ ಮದುವೆ ಮುಂಜಿಗಳಲ್ಲಿ ಸಿಕ್ಕಾಗ "ಊಟ ಆಯ್ತಾ?" ಎಂಬುದೊಂದು ಬಿಟ್ಟು ಬೇರೆ ಮಾತಿಲ್ಲ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು. ಊಟ ಆಯ್ತಾ ಎಂದವರಿಗೆ ಏನು ಹೇಳುವುದು? ಆಯ್ತು ಅಂದು ಬರುತ್ತಿದ್ದೆ. ಫ್ಲೆಕ್ಸು ಮೊದಲ ಆಷಾಢದ ಗಾಳಿಗೇ ಹರಿದು, ಪಾರಿವಾಳ ಒಂದು ಕಡೆ, ಶಾಲೆ ಒಂದು ಕಡೆ ಆಯಿತು. ಅದನ್ನೂ ಅವರಿಗೆ ಹೇಳಲು ಧೈರ್ಯ ಬರಲಿಲ್ಲ.

ಹೀಗೆ ಐದಾರು ವರ್ಷ ಕಳೆಯಿತು. ನನಗೂ ತುಮಕೂರಿಗೆ ವರ್ಗವಾಯಿತು. ಕಳೆದ ವರ್ಷ ಒಂದು ಸಂಜೆ ಅಲ್ಲಿನ ಸದಾಶಿವನಗರದ ನಮ್ಮ ಮನೆಗೆ ಒಬ್ಬ ತರುಣಿ ಬಂದಳು. "ಮಿಸ್, ನಾನು ನಾಜಿಯಾ. ಬೆಳ್ಳಾವಿ ಸ್ಕೂಲು. ಲೆಕ್ಕದಲ್ಲಿ ನೀವು ನಂಗೆ ಹದಿನೆಂಟು ಕೊಟ್ಟಿದ್ರಿ."

ನೂರಕ್ಕೆ ಹದಿನೆಂಟು ಪಡೆದವರು ಮನೆ ಹುಡುಕಿಕೊಂಡು ಬಂದರೆ ಸ್ವಲ್ಪ ದಿಗಿಲಾಗುತ್ತದೆ. ಈಗೇನು ಮಾಡುತ್ತಿದ್ದೀಯೆಂದು ಕೇಳಿದೆ.

"ಫಾಂಟ್ ಮಾಡ್ತೀನಿ ಮಿಸ್."

ನನಗೆ ಕೇಳಿಸಿದ್ದು ಪ್ಯಾಂಟ್. "ಒಳ್ಳೇದಾಯ್ತಮ್ಮ, ಹೊಲಿಗೆ ಕೆಲಸ ಯಾವತ್ತೂ ಕೈ ಬಿಡಲ್ಲ" ಅಂದೆ.

ಅವಳು ನಗು ತಡೆದುಕೊಂಡು ಲ್ಯಾಪ್‌ಟಾಪು ತೆರೆದಳು. ಕಂಪ್ಯೂಟರಿನಲ್ಲಿ ಬಳಸುವ ಅಕ್ಷರಗಳನ್ನು ಒಂದೊಂದಾಗಿ ಬರೆಯುವುದು ಅವಳ ಕೆಲಸ. "ಕನ್ನಡದಲ್ಲಿ ನಾಜೂಕಾಗಿರೋವು ತುಂಬಾ ಇವೆ ಮಿಸ್. ದೂರಕ್ಕೆ ಕಾಣೋ ಅಂಥ ದಪ್ಪಂದು, ದುಂಡುಂದು ಮಾಡ್ಬೇಕು ಅಂತಿದೀನಿ. ನಮ್ ಸ್ಕೂಲ್ ಗೋಡೆ ಮೇಲಿತ್ತಲ್ಲ, ಅದೇ ತರ. ಹೋದ್ವಾರ ಹೋಗಿ ನೋಡ್ದೆ, ಗೋಡೆ ಬರೀ ಬಿಳಿ. ಯಾರ್ ಮಿಸ್ ಅಳ್ಸಿದ್ದು?"

ನಾನು ಕಾಫಿ ತರುತ್ತೇನೆಂದು ಒಳಗೆ ಹೋದೆ. ಹಾಲು ಉಕ್ಕುವವರೆಗೆ ಅಲ್ಲೇ ನಿಂತಿದ್ದು, ಹೊರಗೆ ಬಂದು ನಿಜ ಹೇಳಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿ, "ಹಂಗಾರೆ ಅವರ ಮನೆ ನಿಮ್ಗೆ ಗೊತ್ತಿರುತ್ತೆ" ಅಂದಳು. ಲೆಕ್ಕದಲ್ಲಿ ಇವಳಿಗೆ ನಾನು ಕಡಿಮೆ ಅಂಕ ಕೊಟ್ಟಿದ್ದೆನೇನೋ.

ಮುಂದಿನ ಭಾನುವಾರ ಗುಬ್ಬಿಗೆ ಹೋದೆವು. ಎಪ್ಪತ್ತೆಂಟರ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಒಳಗೆ ಸೊಸೆ ಒಗ್ಗರಣೆ ಹಾಕುತ್ತಿದ್ದಳು. ನನ್ನನ್ನು ನೋಡಿ "ಊಟ ಆಯ್ತಾ?" ಅಂದರು. ಇನ್ನೇನು ಆಯ್ತು ಅನ್ನಬೇಕು, ನಾಜಿಯಾ ಅವರ ಪಕ್ಕದಲ್ಲೇ ನೆಲಕ್ಕೆ ಕುಳಿತು ಒಂದು ಫೋಟೋ ತೋರಿಸಿದಳು. ನಾನೇ ಕೊಟ್ಟಿದ್ದ, ಕುಣಿಗಲ್ಲಿನ ಅಪ್ಪನ ಅಂಗಡಿಯ ಬೋರ್ಡಿನ ಫೋಟೋ.

"ಅಜ್ಜಿ, ಈ ಧ ಕೆಳಗಡೆ ಇಷ್ಟು ಅಗಲ ಯಾಕೆ ಕತ್ತರ್ಸಿದೀರಾ? ನಾನು ಆರು ತಿಂಗಳಿಂದ ಮಾಡ್ತಿದೀನಿ, ನಂದು ಮುಚ್ಕೊಂಡ್‌ಬಿಡುತ್ತೆ."

ಅತ್ತೆಯ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು. "ನಿಂದೂ ದನ ಆಯ್ತಾ?" ಎಂದು ಕೇಳಿದರು. ಆಮೇಲೆ ನಕ್ಕರು. ಅಂದು ಅಪ್ಪ ಬಂದು ಜಗಲಿಯ ಮೇಲೆ ಕುಳಿತಾಗ ನಗದೆ ಉಳಿಸಿಕೊಂಡಿದ್ದ ನಗುವೆಲ್ಲ ಈಗ ಬಂತೆನ್ನಿಸಿತು.

ಆ ದಿನದಿಂದ ಪ್ರತಿ ಭಾನುವಾರ ನಾವು ಗುಬ್ಬಿಯಲ್ಲಿ. ಉಳಿದಿದ್ದ ಬೋರ್ಡು, ನೀರಿನ ಟ್ಯಾಂಕು, ಗಿರಣಿ ಗೋಡೆಗಳಿಂದ ನಾಜಿಯಾ ಒಂದೊಂದೇ ಅಕ್ಷರ ಆರಿಸಿಕೊಂಡಳು. ಕೊನೆಗೆ ಕೆಲವು ಎಲ್ಲಿಯೂ ಸಿಗಲಿಲ್ಲ. "ಅಜ್ಜಿ, ಝ, ಙ, ಞ ಬೇಕು."

"ಙ ಅಂತ ಯಾವೋನಾದ್ರೂ ಅಂಗಡಿ ಇಡ್ತಾನೇನೇ? ಬರ್ದೇ ಇಲ್ಲ ನಾನು."

"ಈಗ ಬರ್ಕೊಡಿ."

ಅತ್ತೆ ಕೈ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು. "ಗೆರೆ ಹೆಂಗೋ ಎಳೀತೀನಿ. ಕಾಗದಕ್ಕೆ ತಟ್ಟೆ ಬದ್ಲು ಬಳೆ ಇಡ್ಬೇಕು, ಅದನ್ನ ಹಿಡ್ಕಳಕ್ಕೆ ಆಗಲ್ಲ, ಜಾರ್ತದೆ" ಅಂದರು. ಒಂದು ಬಳೆಯನ್ನು ಕಾಗದದ ಮೇಲಿಟ್ಟರು. ಆಮೇಲೆ ನನ್ನ ಕಡೆ ತಿರುಗದೆಯೇ, "ಬಾರೇ ಇಲ್ಲಿ. ಒತ್ತಿ ಹಿಡ್ಕೊ" ಅಂದರು.

ಮಂಡಿ ನೋವನ್ನು ಮರೆತು ನೆಲಕ್ಕೆ ಕುಳಿತೆ. ಕಾಗದದ ಮೇಲೆ ಬಳೆಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಅತ್ತೆಯ ಪೆನ್ಸಿಲು ಅದರ ಸುತ್ತ ನಿಧಾನವಾಗಿ ಬಂತು. ನನ್ನ ಬೆರಳ ತುದಿಗೆ ತಗುಲಿದಾಗಲೆಲ್ಲ ನಿಂತು, ದಾಟಿ, ಮುಂದೆ ಹೋಯಿತು. ಅರ್ಧ ಸುತ್ತಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅತ್ತೆ, ಗೋಡೆ ಅಳ್ಸಿದ್ದು ತಪ್ಪಾಯ್ತು."

"ಗೋಡೆ ಇರೋದೇ ಸುಣ್ಣ ಬಳಿಯಕ್ಕೆ ಕಣೇ. ನನ್ ಬೋರ್ಡು ಎಷ್ಟು ಅಳ್ಸವ್ರೋ, ಎಲ್ಲಾರ್ ಮೇಲೂ ಮುನಿಸ್ಕೊಂಡ್ರೆ ಆಯ್ತದಾ? ನೀನು ಒಂದ್ ಮಾತು ಹೇಳ್ಬೇಕಿತ್ತು. ನಾನೇ ಬಂದು ಬಳೀತಿದ್ದೆ." ಪೆನ್ಸಿಲು ಎತ್ತಿ ಒಂದು ಸಲ ಉಸಿರು ತೆಗೆದುಕೊಂಡು, "ಕೈ ಅಲ್ಲಾಡಿಸ್ಬ್ಯಾಡ" ಅಂದರು.

ನಾನು ಅಲ್ಲಾಡಿಸಲಿಲ್ಲ. ಕಣ್ಣು ಒರೆಸಿಕೊಳ್ಳಲೂ ಕೈ ತೆಗೆಯುವಂತಿರಲಿಲ್ಲ. ಹಾಗಾಗಿ ಆ ಕಾಗದದ ಮೇಲೆ ಙ ಪಕ್ಕದಲ್ಲಿ ಎರಡು ಹನಿಗಳ ಗುರುತು ಇದೆ. ನಾಜಿಯಾ ಅದನ್ನು ಚಹಾದ ಕಲೆ ಎಂದುಕೊಂಡಿದ್ದಾಳೆ.

ಅಕ್ಷರಗಳೆಲ್ಲ ಕಂಪ್ಯೂಟರಿಗೆ ಏರಿದ ದಿನ ಅತ್ತೆಗೆ ತೋರಿಸಿದೆವು. ಕೀಲಿ ಒತ್ತಿದ ಕೂಡಲೇ ತಮ್ಮ ಅಕ್ಷರ ಎದ್ದು ನಿಲ್ಲುವುದನ್ನು ಕಂಡು ಅವರಿಗೆ ಮೊದಲು ಬೆರಗಾಯಿತು, ಆಮೇಲೆ ಸಿಟ್ಟು ಬಂತು. "ಅ ಕೂಡ ಇಷ್ಟ್ ಬಿರ್ನೆ ಬತ್ತದಾ? ನಂಗೆ ಅರ್ಧ ದಿನ ಹಿಡೀತಲ್ಲೇ!" ಯಾರು ಬೇಕಾದರೂ ಕೇಳದೆ ಬಳಸಿಕೊಳ್ಳಲಿ ಎಂದು ನಾಜಿಯಾ ಅದನ್ನು ಇಂಟರ್‌ನೆಟ್ಟಿನಲ್ಲಿ ಬಿಟ್ಟಳು. ಅತ್ತೆಯ ಅಭಿಪ್ರಾಯವೂ ಅದೇ. ಅಕ್ಷರ ಅಂದಮೇಲೆ ಎಲ್ಲರ ಮನೆಯದು ಅಂದರು.

ಎಲ್ಲರ ಮನೆಗೂ ಅದು ಹೋಯಿತು. ಟ್ಯೂಷನ್ನಿನ ಕರಪತ್ರ, ಬಿರಿಯಾನಿ ಗಾಡಿ, ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸು, ಬೋರ್‌ವೆಲ್ ಲಾರಿ. ಎಲ್ಲಿ ಕಂಡರೂ ನಾನು ಅತ್ತೆಗೆ ಫೋನು ಮಾಡುತ್ತೇನೆ. ಹೋದ ವಾರ ಬೆಳಗ್ಗೆ ವಾಕಿಂಗ್ ಹೋದಾಗ ನಮ್ಮ ಬೀದಿಯ ಮೂಲೆಯಲ್ಲೇ ಹೊಸ ಬೋರ್ಡು ಕಾಣಿಸಿತು. ಹಳದಿಯ ಮೇಲೆ ಕಪ್ಪು, ದಪ್ಪಗೆ, ದುಂಡಗೆ. ಅಲ್ಲೇ ನಿಂತು ಫೋನು ಹಚ್ಚಿದೆ.

"ಅತ್ತೆ, ನಮ್ಮ ಬೀದೀಲೂ ನಿಮ್ಮಕ್ಷರ ಬಂದಿದೆ!"

"ಏನಂತ ಬರ್ದವ್ರೆ?"

"ಇಲ್ಲಿ ಕಸ ಹಾಕಬಾರದು ಅಂತ."

"ಹಾಕವ್ರಾ?" ಎಂದು ಕೇಳಿದರು.

ನೋಡಿದೆ. ಬೋರ್ಡಿನ ಬುಡದಲ್ಲಿ ಎಳನೀರು ಬುರುಡೆ, ಮುರಿದ ಪ್ಲಾಸ್ಟಿಕ್ ಕುರ್ಚಿ, ಮದುವೆ ಮನೆಯ ಬಾಳೆಲೆ. ಅದರ ನಡುವೆ ಒಂದು ಹಸು ನಿಶ್ಚಿಂತೆಯಿಂದ ಮೇಯುತ್ತಿತ್ತು.

"ಹಾಕಿದಾರೆ ಅತ್ತೆ. ರಾಶಿ ಬಿದ್ದಿದೆ."

"ಹಂಗಾರೆ ಅವ್ರಿಗೆ ಓದಕ್ಕೆ ಆಗ್ತಿಲ್ಲ ಕಣೇ. ಅಕ್ಷರ ಒತ್ತೊತ್ತಾಗಿ ಬಂದಿರ್ಬೇಕು. ಆ ಹುಡ್ಗೀಗೆ ಹೇಳು, ನಡುವೆ ಇನ್ನೊಂಚೂರು ಜಾಗ ಬುಡ್ಲಿ."